ಕೆಂಪು ವೈನಿನ ಪಥ್ಯ

ನಮ್ಮ ವಂಶದಲ್ಲಿ ಮದ್ಯ ಮುಟ್ಟಿದವರು ಒಬ್ಬರೂ ಇಲ್ಲವೆಂದು ನಮ್ಮ ಅಪ್ಪ ಎದೆ ತಟ್ಟಿಕೊಂಡು ಹೇಳುತ್ತಿದ್ದರು. ಸತ್ತ ಹಿರಿಯರ ಬಾಯಿ ಮೂಸಿ ನೋಡಿದವರು ಯಾರಿದ್ದಾರೆ, ಹೇಳಿಕೊಳ್ಳಲಿ ಬಿಡಿ. ನನ್ನ ಮಟ್ಟಿಗೆ ಹೇಳುವುದಾದರೆ, ಇಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ ಫ್ರೆಂಚರ ಕೆಂಪು ವೈನನ್ನು ಧೋತರದಲ್ಲಿ ಸುತ್ತಿಕೊಂಡು ಬೆಳಗಾವಿಯಿಂದ ಖಾನಾಪುರಕ್ಕೆ ಹೊತ್ತೆ. ಹೊತ್ತದ್ದು ದೊಡ್ಡ ಕಷ್ಟವೇನಲ್ಲ. ಅದನ್ನು ಯಾವ ಊಟದ ಜೊತೆ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುತ್ತದೆ ಎಂದು ತಿಳಿಯದೆ ಒದ್ದಾಡಿದೆನಲ್ಲ, ಅದು ಕಷ್ಟ. ಈಗ ಯಾರಾದರೂ ಊಟದ ಮೇಜಿನ ಮುಂದೆ ಕೂತು ಈ ವೈನಿಗೆ ಇದು ಒಪ್ಪುತ್ತದೆ, ಅದಕ್ಕೆ ಅದು ಒಪ್ಪುತ್ತದೆ ಎಂದು ಮಾತಾಡುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅವರ ತಪ್ಪಲ್ಲ ಎಂದು ಗೊತ್ತಿದ್ದೂ ಬರುತ್ತದೆ.

ನಾನು ಆಗ ಬೆಳಗಾವಿಯ ಒಂದು ಕಚೇರಿಯಲ್ಲಿ ಕಾರಕೂನ. ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದಿದ್ದೆ. ಹೆಂಡತಿ ಚೊಚ್ಚಲ ಹೆರಿಗೆಗೆಂದು ಖಾನಾಪುರದ ತವರಿಗೆ ಹೋಗಿದ್ದಳು. ತವರಿನಲ್ಲಿ ಇದ್ದವರು ನಮ್ಮ ಅತ್ತೆ ಒಬ್ಬರೇ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಇದ್ದವಳು ಇವಳೊಬ್ಬಳೇ ಮಗಳು. ಹೆಣ್ಣು ಕೂಸು ಹುಟ್ಟಿತು, ಕೂಸು ದುಂಡಗಿತ್ತು. ತಾಯಿಗೆ ಮಾತ್ರ ರಕ್ತ ಹೋಗುವುದು ಬೇಗ ನಿಲ್ಲಲಿಲ್ಲ. ನಿಂತ ಮೇಲೂ ಅವಳು ಏಳಲಿಲ್ಲ. ಊಟವೆಂದರೆ ಮುಖ ತಿರುಗಿಸುತ್ತಿದ್ದಳು. ಊರ ವೈದ್ಯರು ದ್ರಾಕ್ಷಾರಿಷ್ಟ ಕೊಟ್ಟರು, ಮಂಡೂರ ಭಸ್ಮ ಕೊಟ್ಟರು, ಕೊನೆಗೆ ತಾಯತ ಕಟ್ಟಿಸಿರಿ ಎಂದರು. ವೈದ್ಯರು ತಾಯತಕ್ಕೆ ಬಂದರೆಂದರೆ ಅವರ ಕೈ ಮೀರಿತು ಎಂದು ಅರ್ಥ.

ಬೆಳಗಾವಿಯ ದಂಡಿನ ಕ್ಯಾಂಪಿನಲ್ಲಿ ಗೋವೆಯ ಕಡೆಯ ಒಬ್ಬ ಡಾಕ್ಟರು ಇದ್ದರು. ಅವರ ಕಾಲು ಹಿಡಿದು ಖಾನಾಪುರಕ್ಕೆ ಕರೆತಂದೆ. ಅವರು ಬಾಣಂತಿಯ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ, ತೊಳೆದ ಅಕ್ಕಿಯ ಹಾಗೆ ಬೆಳ್ಳಗಿತ್ತು. ಮನೆಯಲ್ಲಿ ಅವರು ಏನೂ ಹೇಳಲಿಲ್ಲ. ತಿರುಗಿ ಹೋಗುವಾಗ ಸ್ಟೇಷನ್ನಿನಲ್ಲಿ ಬೆಂಚಿನ ಮೇಲೆ ಕೂತು ಕೇಳಿದರು:

"ಲಿವರ್ ಸೂಪ್ ಕುಡೀತಾರೇನು ಅವರು?"

ಡಾಕ್ಟರು ನನ್ನ ಹಣೆಯ ಗಂಧ ನೋಡಿದರು.

"ಇಲ್ಲ. ಹಂಗಾದ್ರ ಫ್ರೆಂಚ್ ಕೆಂಪ ವೈನ್ ಕೊಡ್ರಿ. ನಿಮ್ಮೂರಿನ ಬಾಜೂಕ ಗಡಿ ಐತಿ, ಗೋವಾದ ಮಾಲು ಸಿಗತದಂತ ಅದನ್ನ ಕೊಡಬ್ಯಾಡ್ರಿ. ಅದು ಸಿಹಿ, ಹೊಟ್ಟಿ ಕೆಡಸತದ. ಊಟದ ಜೋಡಿ ಕೊಡ್ರಿ. ಬರೇ ಹೊಟ್ಟಿಗೆ ಕೊಟ್ರ ನಿಲ್ಲೂದಿಲ್ಲ."

"ಯಾವ ಊಟರೀ ಸಾಹೇಬರ?"

ಗಾಡಿ ಇನ್ನೂ ಬಂದಿರಲಿಲ್ಲ. ಡಾಕ್ಟರಿಗೆ ತಮ್ಮ ಮನೆಯ ಮೇಜು ನೆನಪಾಯಿತೋ ಏನೋ, ಮುಖ ಅರಳಿತು. ಕೆಂಪು ವೈನಿಗೆ ಹುರಿದ ಕುರಿ ಮಾಂಸ, ಹಳೆಯ ಗಿಣ್ಣದಂಥ ಗಟ್ಟಿ ಚೀಸು, ಜಿಡ್ಡು ಇರಬೇಕು, ಉಪ್ಪು ಇರಬೇಕು, ಆಗ ಅದರ ಒಗರು ಮೆತ್ತಗಾಗುತ್ತದೆ. ಸಿಹಿ ತಿಂದರೆ ವೈನು ಹುಳಿ, ಖಾರ ತಿಂದರೆ ಬೆಂಕಿ. ಹೀಗೆ ಹೇಳುತ್ತಾ ಹೋದರು. ನಾನು ಕೈಕಟ್ಟಿ ಕೇಳಿದೆ. ಅವರು ಹೇಳಿದ್ದರಲ್ಲಿ ನಮ್ಮ ಮನೆಗೆ ಬರಬಹುದಾದದ್ದು ಉಪ್ಪು ಒಂದೇ. ವೈನಿನಿಂದ ರಕ್ತವಾಗುವುದಿಲ್ಲ ಎಂದು ಈಗಿನ ಡಾಕ್ಟರುಗಳು ಹೇಳುತ್ತಾರೆ. ಆಗ ಹೇಳುವವರು ಇರಲಿಲ್ಲ. ಹೇಳಿದ್ದರೂ ನಾನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರೆ, ನನಗೆ ಬಾಟಲಿ ಸಿಕ್ಕಿತು.

ಕ್ಯಾಂಪಿನ ಪಾರ್ಸಿ ಅಂಗಡಿಯಲ್ಲಿ ವೈನು ಸಿಕ್ಕಿತು. ಮೇಲೆ ಅಂಟಿಸಿದ ಕಾಗದದಲ್ಲಿ ಒಂದು ಬಂಗಲೆಯ ಚಿತ್ರ, ಕೆಳಗೆ ನನಗೆ ಓದಲು ಬಾರದ ಅಕ್ಷರ. ನಡುದಾರಿಯ ದೇಸೂರಿನಲ್ಲಿ ಗಾಡಿ ಹತ್ತಿದ ಪರಿಚಯದವರೊಬ್ಬರು ಗಂಟಿನಲ್ಲಿ ಏನೆಂದು ಕೇಳಿದರೆ ದ್ರಾಕ್ಷಾರಿಷ್ಟ ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ.

ನನಗೆ ಭಯವಿದ್ದದ್ದು ಅತ್ತೆಯದು. ಅವರ ಮಡಿ ಎಂದರೆ ಬೆಂಕಿ. ಈರುಳ್ಳಿ ಒಳಗೆ ಬರುವಂತಿಲ್ಲ. ಬೆಳ್ಳುಳ್ಳಿ ಬಾಣಂತಿಗೆ ಬೇಕೆಂದು ಮಾತ್ರ ಬಂದಿತ್ತು, ಅದೂ ಹಿತ್ತಲ ಬಾಗಿಲಿನಿಂದ. ಅವರು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ದ್ರಾಕ್ಷೀದ ಏನು?" ಎಂದು ಕೇಳಿದರು.

"ಹೌದ್ರಿ ಅತ್ಯಾರ."

"ಔಷಧಕ್ಕ ಎಂಥಾ ಮೈಲಿಗಿ. ಅನುಪಾನ ಏನಂತ ಹೇಳ್ಯಾರ? ಪಥ್ಯ ಏನು?"

ನೋಡಿ, ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾದಗಳೆಲ್ಲ ಹಾಳಾದವು. ಅವರಿಗೆ ಇದ್ದ ಪ್ರಶ್ನೆ ಒಂದೇ. ಪ್ರತಿ ಔಷಧಕ್ಕೂ ಜೇನೋ ತುಪ್ಪವೋ ಹಾಲೋ ಒಂದು ಅನುಪಾನ ಇರಬೇಕು, ಇದಕ್ಕೆ ಯಾವುದು? ಡಾಕ್ಟರು ಸ್ಟೇಷನ್ನಿನಲ್ಲಿ ಹೇಳಿದ್ದೆಲ್ಲವೂ ಅದಕ್ಕೇ ಉತ್ತರವಾಗಿತ್ತು ಎಂದು ನನಗೆ ಆಗ ಹೊಳೆಯಿತು. ಆದರೆ ಆ ಉತ್ತರವನ್ನು ಅತ್ತೆಗೆ ಹೇಳುವುದು ಹೇಗೆ? "ಊಟದ ಜೋಡಿ ಅಂದಾರ್ರಿ," ಎಂದಷ್ಟೇ ಹೇಳಿದೆ.

ಬೂಚು ತೆಗೆಯುವ ತಿರುಪು ಬೇಕೆಂದು ಪಾರ್ಸಿಯೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕಡಗೋಲಿನ ತುದಿಯಿಂದ ಬೂಚನ್ನು ಒಳಕ್ಕೇ ತಳ್ಳಿದೆ. ವೈನು ಚಿಮ್ಮಿ ಅಂಗಿಯೆಲ್ಲ ಕೆಂಪಾಯಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ಆ ಮನೆಯಲ್ಲಿ ಕೆಂಪು ಬಣ್ಣ ನೋಡಿ ನೋಡಿ ಸಾಕಾಗಿತ್ತು.

ಬಾಣಂತಿಗೆ ಏನು ಕೊಟ್ಟರೂ ಹಾಲಿನಲ್ಲಿ ಕೊಡುವುದು ಆ ಮನೆಯ ರೂಢಿ. ಅತ್ತೆ ಬಿಸಿ ಹಾಲಿನ ಬಟ್ಟಲಿಗೆ ವೈನು ಸುರಿದರು. ಹಾಲು ಕಣ್ಣೆದುರೇ ಒಡೆಯಿತು. ನೇರಳೆ ಬಣ್ಣದ ನೀರಿನಲ್ಲಿ ಗಟ್ಟಿ ಗಟ್ಟಿ ಚೂರುಗಳು ತೇಲಿದವು. ಬಾಣಂತಿಯ ಕೋಣೆಯಲ್ಲಿ ಹಾಲು ಒಡೆಯಬಾರದು ಎಂದು ನನ್ನಂಥ ಗಂಡಸಿಗೂ ಗೊತ್ತು. ಅತ್ತೆ ಬಟ್ಟಲನ್ನು ಸೆರಗಿನಿಂದ ಮುಚ್ಚಿ ಹಿತ್ತಲಿಗೆ ಒಯ್ದರು. ಹೆಂಡತಿ ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದಳು:

"ಒಡೀತೇನ್ರಿ?"

"ಒಲಿ ಜೋರಿತ್ತು," ಎಂದೆ.

ಮರುದಿನ ಬಾಣಂತಿಯ ಊಟದ ಜೊತೆಯೇ ಕೊಟ್ಟರು: ಮೆತ್ತಗಿನ ಅನ್ನ, ತುಪ್ಪ, ಮೆಣಸಿನ ಪುಡಿ. ಎರಡು ತುತ್ತು, ಒಂದು ಗುಟುಕು, ಅಷ್ಟೇ, ಎಲ್ಲ ಹೊರಗೆ ಬಂತು. ಆಮೇಲೆ ಬೆಲ್ಲದ ಜೊತೆ, ಸಿಹಿ ಸಜ್ಜಕದ ಜೊತೆ. ಅದೂ ಹೊರಗೆ. ವಾಂತಿ ಮಾಡಿದ ಪ್ರತಿ ಸಲವೂ ಅವಳು ಇನ್ನಷ್ಟು ಸಣ್ಣವಳಾಗುತ್ತಿದ್ದಳು. ಅವಳ ಬಾಯಿ ಒರೆಸುವಾಗ ನನಗೆ ಡಾಕ್ಟರ ಮೇಲೆ, ಫ್ರೆಂಚರ ಮೇಲೆ, ನಮ್ಮ ಅಡಿಗೆಮನೆಯ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಯಾರೂ ಇಲ್ಲದಾಗ ಅವಳ ಕಿವಿಯ ಹತ್ತಿರ ಬಗ್ಗಿ, ಡಾಕ್ಟರು ಹೇಳಿದ ಸೂಪನ್ನು ಬೆಳಗಾವಿಯಿಂದ ಗುಟ್ಟಾಗಿ ತರಲೇ ಎಂದು ಕೇಳಿದೆ. ಅವಳು ನನ್ನ ಕೈ ಹಿಡಿದಳು.

"ಅವ್ವಗ ತಿಳದ್ರ ಅಕಿ ಬದುಕೂದಿಲ್ರಿ," ಎಂದಳು.

ಹಾಗಾದರೆ ನೀನು, ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಕೊನೆಗೆ ನಾನೇ ಆ ವೈನಿಗೆ ಏನು ಬೇಕೆಂದು ಕಂಡುಹಿಡಿಯುತ್ತೇನೆಂದು ಹೊರಟೆ. ಮಧ್ಯಾಹ್ನ, ಹೊರಗೆ ಆರಿದ್ರಾ ಮಳೆ ಹೊಯ್ಯುತ್ತಿತ್ತು. ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಕೂತು, ಅಡಿಗೆಮನೆಯಿಂದ ಕದ್ದು ತಂದದ್ದನ್ನೆಲ್ಲ ಎಲೆಯ ಮೇಲೆ ಹರಡಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ವೈನು ಬಾಯಿಗೆ ಬಿಟ್ಟೆ. ಎಲೆ ಇಲ್ಲದೆ ಬರೀ ಕಾಚು ನೆಕ್ಕಿದ ಹಾಗೆ ನಾಲಗೆ ಬಿಗಿಯಿತು. ಇದನ್ನು ದುಡ್ಡು ಕೊಟ್ಟು ಕುಡಿಯುವ ಜನಕ್ಕೆ ಏನಾಗಿದೆ ಎಂದುಕೊಂಡೆ. ಬೆಲ್ಲದ ಜೊತೆ ಅದು ಹಳಸಿದ ಹಾಗಾಯಿತು. ಕೆಂಪು ಮೆಣಸಿನಕಾಯಿಯ ರಂಜಕ ನೆಕ್ಕಿ ಕುಡಿದರೆ ಕಿವಿಯವರೆಗೂ ಉರಿಯಿತು. ಬರೀ ತುಪ್ಪದ ಜೊತೆ ಮೇಣ. ಸುಟ್ಟ ಬದನೆಕಾಯಿಗೆ ಎಣ್ಣೆ, ಉಪ್ಪು ಹಾಕಿ ತಿಂದಾಗ ಮಾತ್ರ ಒಗರು ಕೊಂಚ ಸರಿದು ಏನೋ ಒಂದು ರುಚಿ ಹಣಿಕಿ ಹಾಕಿತು. ಆದರೆ ಬಾಣಂತಿಗೆ ಬದನೆಕಾಯಿ ನಂಜು. ಅತ್ತ ದರಿ, ಇತ್ತ ಪುಲಿ.

ಅಷ್ಟರಲ್ಲಿ ಅತ್ತೆ ಹುಲ್ಲಿಗೆಂದು ಬಂದವರು ನನ್ನ ಮುಂದಿನ ಎಲೆ ನೋಡಿದರು, ಕೆಂಪಾದ ನನ್ನ ಮುಖ ನೋಡಿದರು.

"ಅಳಿಯಂದ್ರ, ಡಾಕ್ಟರು ನಿಮಗೂ ಹೇಳ್ಯಾರೇನ್ರಿ ಔಷಧ?"

ನನಗೆ ನಗು ಬಂತು, ನಗುತ್ತಲೇ ಅಳು ಬಂತು. ಅವಳಿಗೆ ಯಾವುದು ಸೇರೀತು ಎಂದು ನೋಡುತ್ತಿದ್ದೇನೆ ಎಂದೆ. ಅತ್ತೆ ಗೋದಲಿಯ ಕಟ್ಟೆಯ ಮೇಲೆ ಕೂತರು. ಅಳಿಯನ ಎದುರಿಗೆ ಅವರು ಎಂದೂ ಕೂತವರಲ್ಲ. "ಏನರೆ ಸಿಗತೇನ್ರಿ?" ಎಂದು ಕೇಳಿದರು. ನಾನು ತಲೆ ಅಲ್ಲಾಡಿಸಿದೆ. ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅಲ್ಲೇ ಅತ್ತರು.

ಕೂಸಿಗೆ ಹಾಲು ಕೊಡುತ್ತಿದ್ದವಳು ಒಬ್ಬ ಗೌಳಿ ಹೆಂಗಸು. ಜಾಂಬೋಟಿಯ ಕಡೆಯವಳು, ಎಮ್ಮೆ ಹೊಡೆದುಕೊಂಡು ಊರ ಅಂಚಿಗೆ ಬಂದಿದ್ದ ಕುಟುಂಬ. ಅವಳ ಕೂಸೂ ಸಣ್ಣದು. ತಾಯಿಯ ಎದೆ ಬತ್ತಿದ ಮೇಲೆ ಅತ್ತೆ ತಾವೇ ಹೋಗಿ ಅವಳನ್ನು ಕರೆದಿದ್ದರು. ದಿನವೂ ಬಂದು ಹಿತ್ತಲ ಪಡಸಾಲೆಯಲ್ಲಿ ಕೂತು ನಮ್ಮ ಮಗಳಿಗೆ ಮೊಲೆ ಕೊಟ್ಟು, ಆಮೇಲೆ ತನ್ನ ಗಂಟು ಬಿಚ್ಚಿ ಊಟ ಮಾಡಿ ಹೋಗುತ್ತಿದ್ದಳು. ಕೊಟ್ಟಿಗೆಯ ಆ ಮಧ್ಯಾಹ್ನದ ಮರುದಿನ ಅವಳು ಗಂಟು ಬಿಚ್ಚಿದಾಗ ಬಾಣಂತಿಯ ಕೋಣೆಯಿಂದ ದನಿ ಬಂತು.

"ಅವ್ವಾ, ಏನದು ವಾಸನಿ?"

ಅತ್ತೆ ಓಡಿದರು, ನಾನೂ ಓಡಿದೆ. ಹೆಂಡತಿ ಮೊಣಕೈ ಊರಿ ತಲೆ ಎತ್ತಿದ್ದಳು. "ನಂಗ ಅದು ಬೇಕು," ಎಂದಳು. ಹೆರಿಗೆಯಾದ ಮೇಲೆ ಅವಳು ಬೇಕು ಎಂದದ್ದು ಅದೇ ಮೊದಲು.

ಅದು ಅಣಬೆಯಾಗಿತ್ತು. ಮೊದಲ ಮಳೆಗೆ ಹುತ್ತದ ಮೇಲೆ ಏಳುವ ಅಣಬೆ. ಗೌಳಿಗಳು ಅದನ್ನು ಬೆಳ್ಳುಳ್ಳಿ ಹಾಕಿ ಎಣ್ಣೆಯಲ್ಲಿ ಬಾಡಿಸಿ ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ. ನಮ್ಮಲ್ಲಿ ಅಣಬೆಯೂ ಒಂದೇ, ಮಾಂಸವೂ ಒಂದೇ. ಹೆಸರು ಎತ್ತಿದರೂ ಅತ್ತೆ ಬಾಯಿ ತೊಳೆಯುತ್ತಿದ್ದರು. ಅವರು ಬಾಗಿಲಿನಲ್ಲಿ ನಿಂತು ಮಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಬೇಕು ಬೇಡ ಎನ್ನುವ ಹಕ್ಕು ನನ್ನದೆಂದು ಅನಿಸಲಿಲ್ಲ. ಕೊನೆಗೆ ಅವರು ಪಡಸಾಲೆಗೆ ಹೋಗಿ ಗೌಳಿ ಹೆಂಗಸಿನ ಎದುರು ನಿಂತರು.

"ಅದನ್ನ ಹೆಂಗ ಮಾಡ್ತಿ?"

"ಅಳಂಬೀರಿ, ಬಾಯಿ? ಅದರಾಗೇನೈತ್ರಿ, ಬಳ್ಳೊಳ್ಳಿ, ಎಣ್ಣಿ, ಒಂದೀಟು ಮೆಣಸು. ಸಣ್ಣ ಉರಿ."

"ನಾಳಿ ತಂದಕೊಡು. ಅಕಿಗೆ ನಿನ್ನ ಕೈಯಾಂದು ಬ್ಯಾಡ. ನಾ ಮಾಡ್ತೀನಿ."

ಮರುದಿನ ಅತ್ತೆ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿದರು. ಮೇಲೆ ಹಳೆಯ ಗೋಣಿ ಕಟ್ಟಿದೆವು, ಮಳೆಗೆ. ಅಡಿಗೆಮನೆಯಿಂದ ತುಪ್ಪ, ಬೆಳ್ಳುಳ್ಳಿ, ಮೆಣಸನ್ನು ಮೊದಲೇ ತಂದು ಇಟ್ಟುಕೊಂಡರು, ಏಕೆಂದರೆ ಅಣಬೆ ಮುಟ್ಟಿದ ಕೈಯಲ್ಲಿ ಒಳಗೆ ಹೋಗುವಂತಿಲ್ಲ. ಹಸಿ ಸೌದೆಯ ಹೊಗೆಯಲ್ಲಿ ಕಣ್ಣು ಸುಟ್ಟುಕೊಂಡು ಅಣಬೆ ಬಾಡಿಸಿದರು. ರುಚಿ ನೋಡಲಿಲ್ಲ, ಅವರು ಎಂದೂ ಯಾವ ಅಡಿಗೆಯನ್ನೂ ರುಚಿ ನೋಡಿ ಮಾಡಿದವರಲ್ಲ. ದೇವರಿಗಿಂತ ಮೊದಲು ಅಡಿಗೆಯವಳ ನಾಲಗೆ ಮುಟ್ಟಬಾರದು ಎಂದು ಬೆಳೆದವರು. ಇದು ದೇವರಿಗೆ ಹೋಗುವ ಅಡಿಗೆಯಲ್ಲವಾದರೂ ಕೈ ಅದೇ ಕೈ. ಮಗಳಿಗೆ ತಿನ್ನಿಸಿ, ಬಾವಿಯ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಒಳಗೆ ಹೋಗುತ್ತಿದ್ದರು.

ಮತ್ತು ಅದು ಹೊಟ್ಟೆಯಲ್ಲಿ ನಿಂತಿತು. ಒಂದು ತುತ್ತು ಅಣಬೆ, ಒಂದು ಗುಟುಕು ವೈನು. ಅವಳು ಕಣ್ಣು ಮುಚ್ಚಿ ನುಂಗಿದಳು, ಇನ್ನೊಂದು ತುತ್ತಿಗೆ ಬಾಯಿ ತೆರೆದಳು.

"ಹೆಂಗಾಗ್ಯಾವ, ತಂಗೀ?" ಅತ್ತೆ ಕೇಳಿದರು.

"ಭಾಳ ಛಲೋ ಆಗ್ಯಾವವ್ವಾ."

ಅತ್ತೆಯ ಮುಖ ಆ ದಿನ ಹೇಗಿತ್ತೆಂದು ಬರೆಯಲು ನನಗೆ ಬಾರದು. ಮಗಳ ಮುಖದಲ್ಲಿ ದಿನದಿನಕ್ಕೆ ಒಂದಿಷ್ಟು ಬಣ್ಣ ಬಂತು, ಅಥವಾ ನಮಗೆ ಹಾಗೆ ಕಂಡಿತು. ಗೋಡೆಗೆ ಒರಗಿ ಕೂಡತೊಡಗಿದಳು. ಕೂಸನ್ನು ತೊಡೆಯ ಮೇಲೆ ಹಾಕಿಸಿಕೊಂಡು ಅದರ ಕಿವಿ ತಿರುವಿ ನೋಡುತ್ತಿದ್ದಳು, ಮೂಗು ಯಾರದು ಎಂದು ನನ್ನೊಡನೆ ಜಗಳ ತೆಗೆದಳು. ನಾನು ದೇವರನ್ನು ಅಷ್ಟಾಗಿ ನೆನೆಯುವವನಲ್ಲ. ಆಗ ನೆನೆದೆ, ಬಂಗಲೆಯ ಚಿತ್ರದ ಆ ಬಾಟಲಿಗೂ ಕೈ ಮುಗಿದೆ.

ಬೂಚು ಒಳಗೆ ಬಿದ್ದ ಬಾಟಲಿ, ಬಾಯಿಗೆ ಬಟ್ಟೆ ತುರುಕಿ ಇಟ್ಟಿದ್ದೆವು. ವೈನು ಹುಳಿಯಾಗತೊಡಗಿತು. ಹೆಂಡತಿ ಕುಡಿಯುತ್ತಿದ್ದಳು, ಆದರೆ ಮೂಗು ಮುರಿಯುತ್ತಿದ್ದಳು. ನನ್ನ ರಜೆಯೂ ಮುಗಿದಿತ್ತು. ಬೆಳಗಾವಿಗೆ ಹೋಗಿ ಕಚೇರಿಗೆ ಹಾಜರಾಗಿ, ಇನ್ನೊಂದು ಬಾಟಲಿ ಕೊಂಡು ತಿರುಗಿ ಬರುತ್ತೇನೆಂದೆ. "ಈ ಸಲ ಬೂಚು ತಗಿಯೂದನ್ನೂ ತರ್ರಿ," ಎಂದಳು. ನಗುತ್ತಿದ್ದಳು.

ಪಾರ್ಸಿಯ ಹತ್ತಿರ ಬಾಟಲಿಯೂ ತಿರುಪೂ ಸಿಕ್ಕವು. ಶನಿವಾರ ಕಚೇರಿ ಮುಂಜಾನೆಯಷ್ಟೇ ಇತ್ತು, ಮುಗಿದ ಕೂಡಲೇ ಗಾಡಿ ಹಿಡಿದೆ. ಮಳೆಗೆ ಮುಂದೆ ಹಳಿಯ ಮೇಲೆ ಮಣ್ಣು ಜಾರಿದೆ ಎಂದು ದೇಸೂರಿನಲ್ಲಿ ಗಾಡಿ ನಿಲ್ಲಿಸಿದರು. ಡಬ್ಬಿಯಲ್ಲಿ ಕೂಡಲಾರದೆ ಇಳಿದು ಪ್ಲಾಟಫಾರ್ಮಿನ ಮೇಲೆ ಅಡ್ಡಾಡಿದೆ. ಸ್ಟೇಷನ್ ಮಾಸ್ತರರನ್ನು ಹೋಗಿ ಹೋಗಿ ಕೇಳಿದೆ, ಕೊನೆಗೆ ಅವರು ಬಾಗಿಲು ಹಾಕಿಕೊಂಡರು. ಗಾಡಿ ಹೊರಟಾಗ ಬಾಟಲಿಯನ್ನು ಎದೆಗೆ ಅವುಚಿಕೊಂಡು ಬಾಗಿಲಿನಲ್ಲೇ ನಿಂತೆ.

ಮನೆಯ ಮುಂದೆ ಜನ ನಿಂತಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ. ಮುಂಜಾನೆ ಮತ್ತೆ ರಕ್ತ ಹೋಗಿತ್ತು, ನಿಂತಿರಲಿಲ್ಲ. ನಾನು ದೇಸೂರಿನಲ್ಲಿ ಅಡ್ಡಾಡುತ್ತಿದ್ದಾಗ ಅವಳು ಹೋಗಿದ್ದಳು. ಅವಳ ಕೈ ಹಿಡಿದೆ, ಬಿಸಿ ಆರಿತ್ತು. ಬಾಣಂತಿ ಸತ್ತರೆ ಹೆಚ್ಚು ಹೊತ್ತು ಇಡಬಾರದೆಂದು ಹಿರಿಯರು ಅವಸರ ಮಾಡಿದರು. ಮಲಪ್ರಭೆಯ ದಂಡೆಯಲ್ಲಿ ಕಟ್ಟಿಗೆ ಹಸಿ, ಬೆಂಕಿ ಹತ್ತಲೇ ಒಲ್ಲದು. ಅಲ್ಲಿ ನಾನು ಕೂಗಾಡಿದೆನಂತೆ, ಕಟ್ಟಿಗೆಯವನ ಮೇಲೆ ಏರಿ ಹೋದೆನಂತೆ. ನನಗೆ ನೆನಪಿಲ್ಲ.

ತಿರುಗಿ ಬಂದು ಬಾವಿಯ ಹತ್ತಿರ ತಲೆಯ ಮೇಲೆ ನೀರು ಸುರಿದುಕೊಳ್ಳುವಾಗ ಅತ್ತೆ ಕಂಡರು. ಹಿತ್ತಲಿನಲ್ಲಿ ಮೂರು ಕಲ್ಲುಗಳ ಮುಂದೆ, ಗೋಣಿಯ ಕೆಳಗೆ ಕೂತಿದ್ದರು. ಕಲ್ಲುಗಳ ಮೇಲೆ ಬೋಗುಣಿ ಹಾಗೇ ಇತ್ತು. ಮುಂಜಾನೆ ಮಾಡಿದ್ದು, ಬಡಿಸುವ ಮೊದಲೇ ಒಳಗಿನಿಂದ ಕೂಗು ಕೇಳಿ ಓಡಿದ್ದರು. ನಾನು ಹೋಗಿ ಹತ್ತಿರ ಕೂತೆ. ಅವರು ಬೋಗುಣಿಗೆ ಕೈ ಹಾಕಿ ಒಂದು ಅಣಬೆ ತೆಗೆದು ಬಾಯಿಗೆ ಹಾಕಿಕೊಂಡರು. ತಡೆಯಲು ನನ್ನ ಕೈ ಏಳಲಿಲ್ಲ. ನಿಧಾನವಾಗಿ ಅಗಿದರು. ಅಗಿಯುವುದು ನಿಂತಿತು.

"ಉಪ್ಪಿಲ್ಲ," ಎಂದರು.

ನಾನೂ ಒಂದು ಬಾಯಿಗೆ ಹಾಕಿಕೊಂಡೆ. ಉಪ್ಪಿನ ಸುಳಿವೇ ಇರಲಿಲ್ಲ. ಮಣ್ಣು ಮಣ್ಣು, ಸಪ್ಪಗೆ.

"ಇವತ್ತ ಗಡಿಬಿಡಿಯೊಳಗ ಮರತಿರಿ," ಎಂದೆ.

"ಇವತ್ತಲ್ರಿ. ನಾ ಉಪ್ಪು ಹೊರಗ ತಂದಽ ಇಲ್ಲ. ಒಳಗ ಒಲಿ ಬಾಜೂಕ ಗೂಡಿನ್ಯಾಗ ಇರತೈತಿ, ಕೈ ತಾನಽ ಹೋಗತಿತ್ತು. ಇಲ್ಲಿ ಗೂಡಿಲ್ಲ." ಅವರು ತಮ್ಮ ಬಲಗೈಯನ್ನು ನೋಡಿಕೊಂಡರು. "ಒಂದ ದಿನಾನೂ ಹಾಕಿಲ್ಲ ನಾ. ಅಕಿ ದಿನಾ ಛಲೋ ಆಗ್ಯಾವ ಅಂತಿದ್ಲು."

ಆ ಒಗರಿನ ವೈನಿಗೆ ಉಪ್ಪಿಲ್ಲದ ಅಣಬೆ ಎಷ್ಟು ಕಹಿಯಾಗಿರುತ್ತದೆಂದು ಆ ಮನೆಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು, ಮತ್ತು ಅವಳಿಗೆ.

ಅತ್ತೆ ಎದ್ದರು. ಮೀಯಲಿಲ್ಲ, ಕೈ ಕೂಡ ತೊಳೆಯಲಿಲ್ಲ. ಅದೇ ಕೈಯಲ್ಲಿ ಅಡಿಗೆಮನೆಯ ಒಳಗೆ ಹೋಗಿ ಒಂದು ಹಿಡಿ ಉಪ್ಪು ತಂದರು. ಬೋಗುಣಿಗೆ ಹಾಕಿ ಚೆನ್ನಾಗಿ ಕಲಸಿ, ಒಂದು ಚೂರು ನಾಲಗೆಗೆ ಹಚ್ಚಿ ನೋಡಿದರು.

"ಈಗ ಸರಿ ಆತು," ಎಂದು ಬೋಗುಣಿ ಎತ್ತಿಕೊಂಡು ಬಾಣಂತಿಯ ಕೋಣೆಯ ಕಡೆ ಹೊರಟರು. ಬಾಗಿಲವರೆಗೆ ಹೋಗಿ, ಯಾರಿಗೆ ಬಡಿಸಬೇಕೆಂದು ತಿಳಿಯದೆ ಅಲ್ಲೇ ನಿಂತರು.